ವಿಲ್ಮಾ ಹೊಲಿದ ಗಾಳಿಕೋಣೆ

ಬೆಳಗಿನ ಐದು ಗಂಟೆ. ಕೊಲ್ಲಿ ನಾಡಿನ ಅಲ್ ಮವಾಲೇಹ್‌ನ ತರಕಾರಿ ಮಾರುಕಟ್ಟೆಯ ಹಿಂದೆ, ಗೋದಾಮಿನ ಅಂಗಳದಲ್ಲಿ ಒಂದು ಬಿಳಿ ಗುಮ್ಮಟ ನಿದ್ದೆಯಿಂದ ಏಳುವಂತೆ ನಿಧಾನವಾಗಿ ಉಬ್ಬುತ್ತಿದೆ. ಕಂಬವಿಲ್ಲ, ಗೋಡೆಯಿಲ್ಲ, ಎರಡು ತೆಳು ಪೊರೆ, ನಡುವೆ ಗಾಳಿ. ಐವತ್ತಮೂರು ವರ್ಷದ ವಿಲ್ಮಾ ಬರಿಗಾಲಲ್ಲಿ ಅದರ ಸುತ್ತ ನಡೆಯುತ್ತಾ ಒಂದೊಂದೇ ಬೆಸುಗೆಗೆ ಕೆನ್ನೆ ತಾಗಿಸುತ್ತಾರೆ.

"ಸೋರುವ ಗಾಳಿ ಕೈಗಿಂತ ಕೆನ್ನೆಗೆ ಬೇಗ ಗೊತ್ತಾಗ್ತದೆ."

ಸದ್ದಿಗೆ ಬೆದರುವ, ಮಾತು ತಡವಾದ ಮಕ್ಕಳಿಗಾಗಿ ಸೌದ ಎಂಬ ಶಿಕ್ಷಕಿ ಹೇಳಿ ಮಾಡಿಸುತ್ತಿರುವ ಕೋಣೆಯಿದು. ಒಳಗಿನಿಂದ ಅಂಗೈ ಒತ್ತಿದರೆ ಪೊರೆ ತಗ್ಗಿ, ನೀಲಿ ಬೆಳಕು ಹರಡಿ, ಮತ್ತೆ ಮೆಲ್ಲನೆ ಉಬ್ಬಬೇಕು. ಆದರೆ ಎರಡು ಪರೀಕ್ಷೆಗಳಲ್ಲೂ ಬಿಸಿಲೇರಿದಂತೆ ಒಳಗಿನ ಗಾಳಿ ಹಿಗ್ಗಿ, ಗುಮ್ಮಟ ಚೆಂಡೆಯಂತೆ ಬಿಗಿದು, ಯಾರ ಸ್ಪರ್ಶವನ್ನೂ ಗುರುತಿಸಲಿಲ್ಲ. ಇಂದು ಹತ್ತಕ್ಕೆ ಕೊನೆಯ ಪರೀಕ್ಷೆ. ಇದೂ ಸೋತರೆ ಮಕ್ಕಳಿಗೆ ಅಂಗಡಿಯ ಪ್ಲಾಸ್ಟಿಕ್ ಜಾರುಬಂಡೆ.

ವಿಲ್ಮಾ ಉಡುಪಿ ಕಡೆಯ ಶಿರ್ವದವರು. ಇಪ್ಪತ್ತೆರಡು ವರ್ಷದ ಹಿಂದೆ ಇಲ್ಲಿನ ರೂವಿಯ ದರ್ಜಿ ಅಂಗಡಿಗೆ ಶಾಲಾ ಸಮವಸ್ತ್ರ ಹೊಲಿಯಲು ಬಂದವರು, ಈಗ ಗುಡಾರ ಮಾಡುವ ಈ ಕಂಪನಿಯಲ್ಲಿ ವಿನ್ಯಾಸಕ್ಕೆ ತಕ್ಕಂತೆ ಬಟ್ಟೆ ಕತ್ತರಿಸುತ್ತಾರೆ. ಗುಮ್ಮಟಕ್ಕೆ ಮೂವತ್ತಾರು ತುಂಡು, ಒಂದೊಂದೂ ಕಲ್ಲಂಗಡಿ ಹೋಳಿನ ಆಕಾರ. ದಿನಕ್ಕೆ ನಲವತ್ತು ಮೀಟರ್ ಬೆಸುಗೆ. ಬಿಸಿ ಯಂತ್ರ ಸುಟ್ಟ ಗುರುತು ಎರಡೂ ಮುಂಗೈಗಳಲ್ಲಿ. ಎಂಜಿನಿಯರ್ ಪದವಿಯಿಲ್ಲ. "ಚಪ್ಪಟೆ ಬಟ್ಟೆಗೆ ಭುಜ ಕೂರಿಸಿದವಳಿಗೆ ಇದೆಂತ ಕಷ್ಟ?"

ನಿನ್ನೆ ಅವರು ಉತ್ತರದ ಬದಿಯ ಮೂರು ಮೀಟರ್ ಬೆಸುಗೆಯನ್ನು ಬಿಚ್ಚಿ, ದಾರದಲ್ಲಿ ಹೊಲಿದಿದ್ದಾರೆ. ಸೂಜಿ ತೂತುಗಳಿಂದ ಹೆಚ್ಚಾದ ಗಾಳಿ ಸೋರುತ್ತದೆ. ಕಡಿಮೆಯಾದದ್ದನ್ನು ಪಂಪು ತುಂಬುತ್ತದೆ. ಪಂಪು ಮತ್ತು ಸ್ಪರ್ಶ ಗುರುತಿಸುವ ಸಂವೇದಕಗಳ ಹೊಣೆ ಹೊತ್ತ ಮೈಸೂರಿನ ಕಿಶೋರ್ ಅಣಕಿಸುತ್ತಾನೆ: "ವಿಲ್ಮಕ್ಕ, ಗಾಳಿ ತುಂಬೋಕೆ ನಂಗೆ ಸಂಬಳ, ಬಿಡೋಕೆ ನಿಮ್ಗಾ?"

"ಉಸಿರು ಕಟ್ಟಿ ಕೂತವನಿಗೆ ಮುಟ್ಟಿದ್ದು ಗೊತ್ತಾಗ್ತದಾ ಮಾರಾಯ? ಸ್ವಲ್ಪ ಬಿಡ್ಲಿಕ್ಕೆ ಜಾಗ ಬೇಕಲ್ಲ."

ಹತ್ತು ಗಂಟೆ. ನೆಲ ಕಾದು ಗಾಳಿ ನಡುಗುತ್ತಿದೆ. ಸೌದ ಒಳಹೊಕ್ಕು ಅಂಗೈ ಇಡುತ್ತಾರೆ. ಕಿಶೋರ್ ಕಂಪ್ಯೂಟರ್ ಪರದೆ ನೋಡುತ್ತಾನೆ. ವಿಲ್ಮಾ ನೋಡುವುದು ಪೊರೆಯನ್ನು. ಅದು ತಗ್ಗುತ್ತದೆ. ನೀಲಿ ಹರಡುತ್ತದೆ. ನೀರಡಿಯಿಂದ ಯಾರೋ ಉಸಿರೆಳೆದಂತೆ ಮತ್ತೆ ಮೇಲೇಳುತ್ತದೆ. ಬಹಳ ಹೊತ್ತು ಸೌದ ಹೊರಬರುವುದಿಲ್ಲ.

ಬಂದಾಗ ಒಂದೇ ಮಾತು: "ಖಲಾಸ್, ಆಯಿತು. ಇದೇ ಇರಲಿ."

ಇದೂ ಸೇರಿ ಇಲ್ಲಿಯವರೆಗೆ ಹದಿನಾರು ಗಾಳಿಕೋಣೆ ಕಟ್ಟಿದ್ದಾರೆ ವಿಲ್ಮಾ. ಇನ್ನೇನು ಆಸೆ ಎಂದು ಕೇಳಿದರೆ ದಾರದ ತುದಿ ಕಡಿದು ನಗುತ್ತಾರೆ: "ಯಾವಾಗ್ಲೂ ಹೊರಗೆ ನಿಂತೇ ಕೆಲಸ. ಒಮ್ಮೆ ಒಳಗೆ ಹೋಗಿ ಹತ್ತು ನಿಮಿಷ ಮಲಗ್ಬೇಕು. ಯಾರೂ ಕರೀಬಾರ್ದು."