ಒಂದೇ ಸೂಟ್‌ಕೇಸಿಗೆ ಎರಡು ಸೆಂಡ್-ಆಫ್

ನನ್ನ ರಾಜೀನಾಮೆ ಓದಿ ಮುಗಿಸಿದ ಫ್ಲೇವಿಯಾ ಬಾಯಿ ಕನ್ನಡಕ ತೆಗೆದು ಮೊದಲು ಕೇಳಿದ್ದು, ನಾವು ಕೊಟ್ಟ ಸೂಟ್‌ಕೇಸ್ ಎಲ್ಲಿದೆ ಅಂತ.

ನಾನು ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಫ್ಲೇವಿಯಾ ನಮ್ಮ ವಾರ್ಡಿನ ಇನ್‌ಚಾರ್ಜ್, ಉಡುಪಿ ಕಡೆಯವರು; ಅಕ್ಕ ಅನ್ನುವ ಹಾಗೆ ನಾವು ಅವರನ್ನು ಬಾಯಿ ಅನ್ನುತ್ತಿದ್ದೆವು. ವಾರ್ಡ್ ಬಿಟ್ಟು ಹೋಗುವ ಪ್ರತಿಯೊಬ್ಬರಿಗೂ ಎಲ್ಲರೂ ಸೇರಿ ಒಂದು ಕೇಕ್, ಒಂದು ದೊಡ್ಡ ಸೂಟ್‌ಕೇಸ್ ಕೊಡುವುದು ಅಲ್ಲಿಯ ಪದ್ಧತಿ.

ತೊಂದರೆ ಏನೆಂದರೆ, ನನಗೆ ಅದನ್ನು ಕೆಲವು ವರ್ಷಗಳ ಹಿಂದೆಯೇ ಕೊಟ್ಟಾಗಿತ್ತು. ನಾನು ಮಾತ್ರ ಹೋಗಿರಲಿಲ್ಲ...

ಅಮೆರಿಕದ ಒಂದು ಆಸ್ಪತ್ರೆ ನನಗಾಗಿ ಗ್ರೀನ್ ಕಾರ್ಡ್ ಅರ್ಜಿ ಹಾಕಿದೆ. ಪ್ರತಿ ತಿಂಗಳು ಅಮೆರಿಕದವರು ಒಂದು ತಾರೀಖು ಹೊರಡಿಸುತ್ತಾರೆ. ಅದಕ್ಕಿಂತ ಮೊದಲು ಅರ್ಜಿ ಹಾಕಿದವರ ಸರದಿ ಬಂತು ಅಂತ ಅರ್ಥ.

ಒಂದು ಸಲ ನಮ್ಮ ಸರದಿ ಇನ್ನೇನು ಬಂದೇಬಿಟ್ಟಿತು ಅನ್ನುವಾಗ ವಾರ್ಡಿನವರು ಕೇಕ್ ತಂದರು, ಹಾಡಿದರು, ಅತ್ತರು. ಮುಂದಿನ ತಿಂಗಳು ಆ ತಾರೀಖು ಹಿಂದಕ್ಕೆ ಹೋಗಿ ಅಲ್ಲೇ ಕೂತಿತು.

ಅಂದಿನಿಂದ ನಮ್ಮ ಮನೆಯಲ್ಲಿ ಒಂದೇ ಕಾನೂನು, ಗ್ರೀನ್ ಕಾರ್ಡಿನ ಫೈಲ್ ಅಲುಗಾಡಬಾರದು. ಆ ಕಾನೂನು ಮಾಡಿದ್ದು ನನ್ನ ಗಂಡ ವಾಲ್ಟರ್.

ಕೆಲಸ ಬದಲಿಸಬಾರದು, ಮನೆ ಬದಲಿಸಬಾರದು, ಫೋನ್ ನಂಬರ್ ಬದಲಿಸಬಾರದು. ನಾನು ಕೂದಲು ಗಿಡ್ಡ ಮಾಡಿಸಿಕೊಂಡು ಬಂದ ದಿನ ಅವನು ಫೈಲಿನಲ್ಲಿರುವ ಫೋಟೋ ನೆನೆದು ಊಟ ಬಿಟ್ಟ. ಹೇಗೂ ಹೋಗುವವರು ಅಂತ ಗೋಡೆಗೆ ಒಂದು ಮೊಳೆ ಕೂಡ ಹೊಡೆದಿರಲಿಲ್ಲ. ಏಸುವಿನ ಪಟ ಫ್ರಿಜ್ ಮೇಲೆ ಗೋಡೆಗೆ ಒರಗಿ ನಿಂತಿತ್ತು.

ವಾಲ್ಟರನ ಆಫೀಸು ದುಬೈಯ ಜೆಬೆಲ್ ಅಲಿಯಲ್ಲಿ. ಫೈಲಿಗೋಸ್ಕರ ಇಷ್ಟು ವರ್ಷ ದಿನಾ ಅಬುಧಾಬಿಯಿಂದ ಹೋಗಿ ಬರುತ್ತಿದ್ದ. ಅವನು ಬರುವಷ್ಟರಲ್ಲಿ ಮಗ ಏರನ್ ಮಲಗಿರುತ್ತಿದ್ದ. ಅಪ್ಪ ಮಗ ಸರಿಯಾಗಿ ಮಾತಾಡುತ್ತಿದ್ದುದು ರಜೆಯ ದಿನ ಮಾತ್ರ. ಅದನ್ನು ನೋಡಿ ನೋಡಿ ನನಗೆ ಸಾಕಾಗಿತ್ತು.

ಈ ವರ್ಷ ಅವನ ಆಫೀಸಿನ ಹತ್ತಿರದ ಒಂದು ಆಸ್ಪತ್ರೆಯಲ್ಲಿ ನನಗೆ ಕೆಲಸ ಸಿಕ್ಕಿತು. ವಾಲ್ಟರ್ ತಲೆ ಮೇಲೆ ಕೈ ಹೊತ್ತು ಕೂತ.

"ಬೇಡ ಮಾರಾಯ್ತಿ. ಇಷ್ಟು ವರ್ಷ ಕಾದದ್ದೆಲ್ಲ ಮಣ್ಣುಪಾಲಾಗ್ತದೆ."

ಕೊನೆಗೆ ನಾನೇ ಧೈರ್ಯ ಮಾಡಿ ಅಮೆರಿಕದ ವಕೀಲರ ಆಫೀಸಿಗೆ ಫೋನ್ ಮಾಡಿದೆ. ಸ್ಪೀಕರ್ ಹಾಕಿದ್ದೆ. ವಾಲ್ಟರ್ ಪಕ್ಕದಲ್ಲಿ ಜಪಸರ ಹಿಡಿದು ಕೂತಿದ್ದ.

ಆ ಕಡೆಯ ಹೆಂಗಸಿಗೆ ನನ್ನ ಭಯವೇ ಅರ್ಥವಾಗಲಿಲ್ಲ. ಅರ್ಜಿ ಹಾಕಿರುವುದು ಅಮೆರಿಕದ ಕೆಲಸಕ್ಕೆ, ದುಬೈಯಲ್ಲಿ ನೀವು ಎಲ್ಲಿ ಬೇಕಾದರೂ ದುಡಿಯಿರಿ, ಹೊಸ ಕೆಲಸ, ಹೊಸ ವಿಳಾಸ ತಿಳಿಸಿದರೆ ಸಾಕು ಅಂದಳು. ಆಮೇಲೆ, ಇದನ್ನು ಮೊದಲೇ ಯಾಕೆ ಕೇಳಲಿಲ್ಲ ಅಂತ ನನ್ನನ್ನೇ ಕೇಳಿದಳು.

ಕೇಳಿದರೂ ಫೈಲ್ ಅಲುಗಾಡುತ್ತದೆ ಅಂತ ನಾವು ನಂಬಿದ್ದೆವು. ಅದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದು? ಫೋನ್ ಇಟ್ಟ ಮೇಲೆ ನನಗೆ ನಗು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು.

ಹಾಗೆ ರಾಜೀನಾಮೆ ಕೊಟ್ಟೆ. ಹಾಗೆ ಸೂಟ್‌ಕೇಸಿನ ಪ್ರಶ್ನೆ ಎದ್ದಿತು.

ವಾರ್ಡಿನಲ್ಲಿ ಎರಡು ಗುಂಪಾಯಿತು. ಒಬ್ಬರಿಗೆ ಒಂದೇ ಸೆಂಡ್-ಆಫ್ ಅಂತ ಹಳಬರು. ಇವರ ಕೇಕ್ ನಾವು ತಿಂದೇ ಇಲ್ಲವಲ್ಲ ಅಂತ ಆಮೇಲೆ ಸೇರಿದವರು. ನನಗೆ ಏನೂ ಬೇಡ ಅಂದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊನೆಗೆ ಬಾಯಿ ತೀರ್ಪು ಕೊಟ್ಟರು. "ಒಂದು ಕೆಲಸ ಮಾಡು. ಆ ಸೂಟ್‌ಕೇಸ್ ವಾಪಸ್ ತಂದುಕೊಡು. ಆಗ ಹಳೇ ಸೆಂಡ್-ಆಫ್ ಖಲಾಸ್. ಮತ್ತೆ ಹೊಸತಾಗಿ ಅದನ್ನೇ ನಿನಗೆ ಕೊಡುವ."

ಎಲ್ಲರೂ ಗಂಭೀರವಾಗಿ ಒಪ್ಪಿದರು. ಸತ್ಯ ಹೇಳುತ್ತೇನೆ, ನನಗೂ ಅದು ಸರಿ ಅನ್ನಿಸಿತು.

ಮನೆಗೆ ಬಂದು ಕಪಾಟಿನ ಮೇಲಿಂದ ಸೂಟ್‌ಕೇಸ್ ಇಳಿಸಿ ಖಾಲಿ ಮಾಡಲು ಕೂತೆ. ಒಳಗೆ ಅಮೆರಿಕದ ಚಳಿಗೆ ಅಂತ ಏರನ್‌ಗೆ ಆಗ ಕೊಂಡಿಟ್ಟ ಉಣ್ಣೆಯ ಸ್ವೆಟರುಗಳು. ಲೇಬಲ್ ಕೂಡ ಕಿತ್ತಿಲ್ಲ.

ಈಗ ನನ್ನ ಭುಜಕ್ಕೆ ಬರುವ ಏರನ್ ಒಂದನ್ನು ಎತ್ತಿ ತಿರುಗಿಸಿ ನೋಡಿ, "ಮಮ್ಮಾ, ಹೂ ಈಸ್ ದಿಸ್ ಫಾರ್?" ಅಂದ.

ನಿನಗೇ ಮಗಾ ಅನ್ನಲು ಹೋದೆ. ಅಷ್ಟು ಹೊತ್ತು ತಡೆದ ಅಳು ಬಂದುಬಿಟ್ಟಿತು. ಅವತ್ತು ರಜೆಯಲ್ಲಿದ್ದ ವಾಲ್ಟರ್ ಸ್ವೆಟರುಗಳನ್ನು ಒಂದೊಂದಾಗಿ ಮಡಚಿದ.

ಸೆಂಡ್-ಆಫ್ ಚೆನ್ನಾಗಿಯೇ ಆಯಿತು. ನಾನು ಸೂಟ್‌ಕೇಸ್ ವಾಪಸ್ ಕೊಡುವಾಗ ಒಂದು ಫೋಟೋ, ಹೊಸ ರಿಬ್ಬನ್ ಕಟ್ಟಿ ಅದನ್ನೇ ಅವರು ನನಗೆ ಕೊಡುವಾಗ ಇನ್ನೊಂದು ಫೋಟೋ. ಬಾಯಿ ಅಮೆರಿಕಕ್ಕೆ ಅತ್ತಷ್ಟೇ ದುಬೈಗೂ ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, "ಈ ಸಲ ಆದ್ರೂ ಹೋಗ್ತೀಯಲ್ಲ?" ಅಂದರು.

ಹೋದೆ. ಈಗ ಜೆಬೆಲ್ ಅಲಿಯ ಹತ್ತಿರದ ಡಿಸ್ಕವರಿ ಗಾರ್ಡನ್ಸಿನಲ್ಲಿ ನಮ್ಮ ಮನೆ. ಗ್ರೀನ್ ಕಾರ್ಡ್ ಇನ್ನೂ ಬಂದಿಲ್ಲ, ವಾಲ್ಟರ್ ಮಾತ್ರ ಸಂಜೆ ಏರನ್ ಹೋಮ್‌ವರ್ಕ್ ಮಾಡುವ ಹೊತ್ತಿಗೆ ಬರುತ್ತಾನೆ.

ನಿನ್ನೆ ಏಸುವಿನ ಪಟ ತೂಗುಹಾಕಲು ಸ್ಟೂಲ್ ಹತ್ತಿದ. ಮೊಳೆಯನ್ನು ಗೋಡೆಗಿಟ್ಟು, ಸುತ್ತಿಗೆ ಎತ್ತಿ, ಹಾಗೇ ನಿಂತ.

"ಗ್ಲಾಡಿಸ್... ಇದರಿಂದ ಫೈಲಿಗೆ ಎಂತ ಆಗ್ಲಿಕ್ಕಿಲ್ಲ ಅಲ್ಲ?"

ಹೊಡಿ ಅಂದೆ.

ಹೇಗೂ ಹೋಗುವವರು ಅಂತ ನಿಮ್ಮ ಮನೆಯಲ್ಲಿ ಹೊಡೆಯದೇ ಬಿಟ್ಟ ಮೊಳೆ ಯಾವುದು?