ಮಾನ್ವಿಯ ಲ್ಯಾಬಿನ ಕ್ಯಾಮೆರಾ

“ಎರಡರಾಗ ಇದ ಸೋವಿ ನೋಡ್ರಿ ಚಾಚಾ,” ಎಂದು ಶಕೀಲಾ ರಾಯಚೂರಿನ ತನ್ನ ಕಂಪ್ಯೂಟರ್ ಅಂಗಡಿಯಲ್ಲಿ ಎರಡು ಫೈರ್‌ವಾಲ್ ಡಬ್ಬಿಗಳಲ್ಲಿ ಸಣ್ಣದನ್ನು ಮುಂದಿಟ್ಟಳು. ಮಾನ್ವಿಯ ನನ್ನ ರಕ್ತಪರೀಕ್ಷೆ ಲ್ಯಾಬಿಗೆ ದೇವದುರ್ಗದ ಶಾಖೆಯನ್ನು ಇಂಟರ್‌ನೆಟ್ ಮೂಲಕ ಜೋಡಿಸಬೇಕಿತ್ತು.

“ಇಷ್ಟು ಸಣ್ಣ ಡಬ್ಬಿಗೆ ಇಷ್ಟು ರೊಕ್ಕಾ? ಇದಿಲ್ಲಂದ್ರ ಏನಾಗ್ತದ?”

ಲ್ಯಾಬಿನ ಇಂಟರ್‌ನೆಟ್ ನಂಬರು ಕೇಳಿದಳು. ಬರೆದು ತಂದಿದ್ದ ಚೀಟಿ ಕೊಟ್ಟೆ. ಅದನ್ನು ಕಂಪ್ಯೂಟರಿಗೆ ಹಾಕಿ, ಪಾಸ್‌ವರ್ಡ್ ಕೇಳಿದಲ್ಲಿ ಒಂದರಿಂದ ಆರರವರೆಗೆ ಒತ್ತಿದಳು. ಪರದೆಯ ಮೇಲೆ ಗೋಡೆಯ ಕ್ಯಾಮೆರಾ ಕಂಡಂತೆ ನನ್ನ ಲ್ಯಾಬು ಬಂತು. ನಮ್ಮ ಟೆಕ್ನಿಶಿಯನ್ ಸುಜಾತಾ ಒಬ್ಬ ಹೆಣ್ಣುಮಗಳ ರಕ್ತ ತೆಗೆಯುತ್ತಿದ್ದಳು. ಆ ಹೆಣ್ಣುಮಗಳ ಮುಖ ಸ್ಪಷ್ಟವಾಗಿ ಕಾಣುತ್ತಿತ್ತು. ಕ್ಯಾಮೆರಾ ಹಾಕಿದವನು ಇಟ್ಟುಹೋದ ಪಾಸ್‌ವರ್ಡನ್ನು ನಾನು ಬದಲಿಸಿರಲಿಲ್ಲ.

“ಇದನ್ನ ಯಾರ್ ಬೇಕಾದ್ರೂ ನೋಡಬಹುದೇನು?”

“ನಾ ನೋಡಾಕತ್ತೀನಲ್ರಿ.”

“ಎಷ್ಟು ಮಂದಿ ನೋಡ್ಯಾರ?”

“ಅದು ಹೆಂಗ ಗೊತ್ತಾಗ್ತದರೀ? ಈ ಡಬ್ಬಿ ಹೊರಗಿನವ್ರನ್ನ ತಡೀತದ. ಪಾಸ್‌ವರ್ಡ್ ಮಾತ್ರ ನೀವ ಬದಲಿ ಮಾಡ್ಬೇಕು.”

ಸುಜಾತಾಗೆ ಫೋನ್ ಮಾಡಿದೆ. ಪರದೆಯಲ್ಲಿ ಅವಳು ಫೋನ್ ಎತ್ತಿದ್ದು ಕಂಡಿತು.

“ಕ್ಯಾಮೆರಾದ ವೈರ್ ಕೀಳವ್ವಾ.”

“ಯಾಕ್ರಿ ಸರ್?” ಎನ್ನುತ್ತ ಕ್ಯಾಮೆರಾದತ್ತ ತಲೆಯೆತ್ತಿ ನೇರ ನನ್ನನ್ನೇ ನೋಡಿದಳು.

ಪರದೆ ಕಪ್ಪಾಯಿತು. ಡಬ್ಬಿ ಕೊಂಡೆ. ಚೌಕಾಸಿ ಮಾಡಲಿಲ್ಲ.