ಮುಂದಿನವರ ಸೌದೆ

ಹೋದ ಸೆಪ್ಟೆಂಬರಿನಲ್ಲಿ ಪಕ್ಕದ ಮನೆಯ ರೋಂಡಾ ಮಾಕಿನೆನ್ ಗಂಡನನ್ನು ಬಿಟ್ಟುಬಿಟ್ಟಳೆಂದು ನಾನು ತೀರ್ಮಾನಿಸಿದೆ. ಅದಕ್ಕೆ ಆಧಾರವೂ ಇತ್ತು. ಐವತ್ತೆರಡರ ಹೆಂಗಸು, ಬೆಚ್ಚನೆಯ ಮನೆ ಇಟ್ಟುಕೊಂಡು, ಹಿತ್ತಿಲಿನ ಎರಡು ಮರಗಳಿಗೆ ಹಗ್ಗ ಬಿಗಿದು, ಟಾರ್ಪಾಲು ಎಳೆದು, ಅದರ ಕೆಳಗೆ ಮಲಗತೊಡಗಿದ್ದಳು. ಬೆಳಿಗ್ಗೆ ಎದ್ದು ಸ್ಕೂಲ್ ಬಸ್ ಓಡಿಸಲು ಹೋಗುವಳು. ಸಂಜೆ ಬಂದವಳು ಮನೆಯೊಳಗೆ ಕಾಲಿಡದೆ ನೇರ ಟಾರ್ಪಾಲಿಗೆ ನಡೆಯುವಳು. ಇಪ್ಪತ್ತೈದು ವರ್ಷ ವಿಮೆ ಮಾರಿದವನು ನಾನು. ಸಂಸಾರ ಬಿರುಕು ಬಿಡುವ ಸದ್ದು ನನಗೆ ಬೇಲಿಯಾಚೆಯಿಂದಲೇ ಕೇಳಿಸುತ್ತದೆ ಎಂಬ ಹೆಮ್ಮೆ ನನಗಿತ್ತು.

ನಮ್ಮ ಬೀದಿಯಲ್ಲಿ ಯಾರ ಮನೆಗೆ ಕಷ್ಟ ಬಂದರೂ ಮೊದಲು ಒಳಹೊಗುವುದು ಹಾಟ್‌ಡಿಶ್. ಮಾಂಸ, ಆಲೂಗಡ್ಡೆ, ಅಣಬೆ ಸೂಪು ಎಲ್ಲವೂ ಒಂದೇ ಗಾಜಿನ ಪಾತ್ರೆಯಲ್ಲಿ ಒಲೆ ಸೇರಿ ಒಂದಾಗಿ ಹೊರಬರುತ್ತವೆ. ಪಾತ್ರೆಯ ತಳಕ್ಕೆ ಅಂಟಿಸಿದ ಪಟ್ಟಿಯ ಮೇಲೆ ಕೊಟ್ಟವರ ಹೆಸರಿರುತ್ತದೆ. ಪಾತ್ರೆ ವಾಪಸು ಬರಲೆಂದು ಈ ವ್ಯವಸ್ಥೆ ಎನ್ನುತ್ತಾರೆ. ಮರುಗಿದವರು ಯಾರೆಂದು ತಿಳಿದಿರಲಿ ಎಂಬುದೂ ಇರಬಹುದು. ನಾನು ಎರಡು ಮನೆಗಳಲ್ಲಿ ತಗ್ಗಿದ ದನಿಯಲ್ಲಿ ವಿಷಯ ತಿಳಿಸಿದೆ. ನಾಲ್ಕು ದಿನದಲ್ಲಿ ನಾಲ್ಕು ಪಾತ್ರೆಗಳು ರೋಂಡಾಳ ಗಂಡ ಕರ್ಟ್‌ನ ಬಾಗಿಲಿಗೆ ಹೋದವು. ಅವನು ನಾಲ್ಕನ್ನೂ ತಿಂದು, ತೊಳೆದು, ಮರಳಿಸಿದ.

ಐದನೆಯ ದಿನ ಬೇಲಿಯ ಬಳಿ ಅವನ ಹೆಗಲ ಮೇಲೆ ಕೈಯಿಟ್ಟು, ಮನಸ್ಸು ಹಗುರ ಮಾಡಿಕೊಳ್ಳುವಂತೆ ಹೇಳಿದೆ.

"ಏನಾಗಿದೆಯೋ ನಿಂಗೆ?" ಎಂದ ಕರ್ಟ್. "ಅವಳು ಒದ್ದೆ ಸೌದೇಲಿ ಬೆಂಕಿ ಹಚ್ಚೋದು ಮತ್ತೆ ಕಲೀತಿದಾಳೆ."

"ಹಾಗಾದ್ರೆ ನಾಲ್ಕು ಮನೆ ಊಟ ಯಾಕೆ ತಿಂದೆ?"

"ಕೊಟ್ರಲ್ಲ."

ಮತ್ತೆ ಕಲಿಯುವುದು ಎಂದನಲ್ಲ. ಮೊದಲು ಅವಳಿಗೆ ಅದು ಬರುತ್ತಿತ್ತು. ಮದುವೆಗೆ ಮುಂಚೆ ರೋಂಡಾ ಮತ್ತು ಅವಳ ಅಣ್ಣ ವೇಯ್ನ್ ಮಂಜು ಕರಗಿದ ದಿನದಿಂದ ಕೆರೆಗಳು ಹೆಪ್ಪುಗಟ್ಟುವ ದಿನದವರೆಗೂ ಕಾಡಿನಲ್ಲೇ ಇರುತ್ತಿದ್ದರಂತೆ. ದೋಣಿ ಹೊತ್ತು ಒಂದು ಕೆರೆಯಿಂದ ಇನ್ನೊಂದಕ್ಕೆ ನಡೆದು, ಕೊಡಲಿ, ಚಾಕು, ಒಂದು ಪಾತ್ರೆಯಲ್ಲಿ ವಾರ ಕಳೆಯುತ್ತಿದ್ದರು. ಶನಿವಾರ ಊರಲ್ಲಿದ್ದರೆ ಫಿನ್ನಿಶ್ ಸಭಾಂಗಣದ ಕುಣಿತಕ್ಕೆ ವೇಯ್ನ್ ಅಕಾರ್ಡಿಯನ್ ನುಡಿಸುತ್ತಿದ್ದ. ಇಪ್ಪತ್ತನಾಲ್ಕು ವರ್ಷಗಳ ಹಿಂದೆ, ಅಕ್ಟೋಬರಿನ ಕೊನೆಯಲ್ಲಿ, ಹೆರಾನ್ ಕೆರೆಯಲ್ಲಿ ಗಾಳಿಗೆ ಅವರ ದೋಣಿ ಮಗುಚಿತು. ಈಜಿ ದಡ ಸೇರಿದರು. ಮಾರನೆಯ ಬೆಳಿಗ್ಗೆ ಬೇಟೆಗೆ ಬಂದವರು ಅವರನ್ನು ಕಂಡಾಗ ವೇಯ್ನನ ಬಲಗೈಯ ಎರಡು ಬೆರಳು ಚಳಿಗೆ ಹೆಪ್ಪುಗಟ್ಟಿ ಕಪ್ಪಾಗಿದ್ದವು. ಆಮೇಲೆ ಅವು ಉಳಿಯಲಿಲ್ಲ. ಅಕಾರ್ಡಿಯನ್ ಪೆಟ್ಟಿಗೆ ಸೇರಿತು. ಅಣ್ಣತಂಗಿ ಇಬ್ಬರೂ ಮತ್ತೆ ದೋಣಿ ಹತ್ತಲಿಲ್ಲ. ಊರಿಗೆಲ್ಲ ಗೊತ್ತಿದ್ದದ್ದು ಇಷ್ಟು.

ಗೊತ್ತಿಲ್ಲದ್ದನ್ನು ರೋಂಡಾ ನನಗೆ ಹೇಳಿದ್ದು ನನ್ನ ತೋಳುಗಳ ಅಗತ್ಯ ಬಿದ್ದಾಗ. ಹೆರಾನ್ ಕೆರೆಗೆ ಅಣ್ಣನನ್ನು ಕರೆದೊಯ್ಯಬೇಕಿತ್ತು. ವೇಯ್ನನ ಕೈಗೆ ಹುಟ್ಟು ನಿಲ್ಲದು, ಕರ್ಟ್‌ನ ಸೊಂಟ ಬಗ್ಗದು. ಮುಂದೆ ಕೂತು ಹುಟ್ಟು ಹಾಕಲು ಒಬ್ಬರು ಬೇಕು.

ಕಾಡಿನಲ್ಲಿ ನಮ್ಮವರದೊಂದು ಕಟ್ಟಳೆ ಇದೆ, ಎಲ್ಲೂ ಬರೆದಿಟ್ಟದ್ದಲ್ಲ. ಬೀಡು ಬಿಟ್ಟ ಜಾಗದಿಂದ ಹೊರಡುವ ಮೊದಲು ಒಣ ಸೀಳು, ಪುರಳೆ, ಬರ್ಚ್ ಮರದ ತೊಗಟೆ ಇಷ್ಟನ್ನು ಮಳೆ ತಾಗದ ಕಡೆ ಇಟ್ಟು ಹೋಗಬೇಕು. ಮುಂದೆ ಬರುವವನು ಯಾವ ಸ್ಥಿತಿಯಲ್ಲಿ ಬರುತ್ತಾನೋ ಯಾರಿಗೆ ಗೊತ್ತು. ದೋಣಿ ಮಗುಚಿದ ಆ ಸಲ, ಹೋಗುವಾಗ, ವೇಯ್ನ್ ಮೀನು ಹಿಡಿಯಲು ಹೋಗಿದ್ದಾಗ, ಹೆರಾನ್ ಕೆರೆಯ ಬಂಡೆಯಡಿ ಯಾರೋ ಇಟ್ಟಿದ್ದ ಸೌದೆಯನ್ನು ರೋಂಡಾ ಉರಿಸಿದ್ದಳು. ಬೆಳಿಗ್ಗೆ ಬದಲಿ ಇಡಲಿಲ್ಲ. ಮೂರು ದಿನ ಬಿಟ್ಟು, ನೆನೆದು, ನಡುಗುತ್ತ ಅದೇ ಬಂಡೆಯಡಿ ಬಂದ ಮುಂದಿನವರು ಅವರೇ. ನೀರು ಹೊಗದ ಜಾಡಿಯಲ್ಲಿ ಒಣ ಬೆಂಕಿಕಡ್ಡಿ ಇತ್ತು. ಹೊತ್ತಿಸಲು ಏನೂ ಇರಲಿಲ್ಲ. ಸೀಳೋಣವೆಂದರೆ ಮರಗಟ್ಟಿದ ಕೈಗೆ ಕೊಡಲಿ ನಿಲ್ಲಲಿಲ್ಲ.

ಅದು ವೇಯ್ನನಿಗೆ ಗೊತ್ತಿರಲಿಲ್ಲ. ಮೊದಲೇ ಖಾಲಿ ಇತ್ತೆಂದು ಅವನು ತಿಳಿದಿದ್ದ. ಇಪ್ಪತ್ತನಾಲ್ಕು ವರ್ಷ ಅವಳು ಹಾಗೆಯೇ ತಿಳಿಯಲು ಬಿಟ್ಟಿದ್ದಳು.

"ಊರಲ್ಲೇ, ಒಂದು ಕಾಫಿ ಕುಡೀತಾ ಹೇಳಬಾರ್ದಾ?" ಎಂದು ಕೇಳಿದೆ.

"ಹೇಳ್ಬಹುದು. ಅಲ್ಲಿ ಬೆಂಕಿ ಹಚ್ಚದೆ ಹೇಳಿದ್ರೆ ಅದು ಬರೀ ಮಾತು, ಲೈಲ್."

ವೇಯ್ನನನ್ನು ಒಪ್ಪಿಸಲು ಅವಳು ರಸ್ತೆ ಇಲಾಖೆಯ ಷೆಡ್ಡಿಗೆ ಮೂರು ಸಲ ಹೋದಳು. ಅಲ್ಲಿ ಅವನು ಹಿಮ ತಳ್ಳುವ ಲಾರಿ ಓಡಿಸುತ್ತಾನೆ. ಎರಡು ಸಲ ಲಾರಿಯ ಅಡಿಯಿಂದ ಹೊರಗೇ ಬರಲಿಲ್ಲವಂತೆ. ಮೂರನೆಯ ಸಲ ಅಡಿಯಿಂದಲೇ, ಕಾಫಿ ನೀನು ಮಾಡೋದಾದರೆ ಬರ್ತೀನಿ ಅಂದನಂತೆ.

ಅಕ್ಟೋಬರಿನ ಮೊದಲ ವಾರ ಹೊರಟೆವು. ನನ್ನ ಸಿದ್ಧತೆ ಪೂರ್ಣವಾಗಿತ್ತು: ಮಡಚುವ ಕುರ್ಚಿ, ಮಡಚುವ ಮೇಜು, ಮೂರು ಬಗೆಯ ಟಾರ್ಚು, ಯಾವ ಮಳೆಯಲ್ಲೂ ಹೊತ್ತುವುದೆಂದು ಡಬ್ಬಿಯ ಮೇಲೆಯೇ ಬರೆದಿದ್ದ ಒಂದು ಪುಡಿ. ದಂಡನಾಯಕ ಯಾರೆಂದು ಯಾರೂ ಹೇಳಿರಲಿಲ್ಲ, ಹಾಗಾಗಿ ಅದು ನಾನೇ ಎಂದುಕೊಂಡಿದ್ದೆ. ಮೊದಲ ಕೆರೆ ದಾಟಿ ಸಾಮಾನು ಹೊರುವ ಹೊತ್ತಿಗೆ ವೇಯ್ನ್ ನನ್ನ ಚೀಲವನ್ನು ಕಾಲಿನಿಂದ ತಟ್ಟಿ ನೋಡಿದ.

"ಇದೇನು, ಹೆಂಡ್ತೀನ ಮಡಚಿ ತಂದಿದೀಯಾ?"

ಆ ಪಯಣದಲ್ಲಿ ನಾವು ನಕ್ಕದ್ದು ಅದೊಂದೇ ಸಲ. ಮಳೆ ಹಿಡಿಯಿತು. ಹೆರಾನ್ ಕೆರೆಯ ಬಂಡೆ ಕಂಡಾಗ ದೋಣಿಯ ನಡುವೆ ಕೂತಿದ್ದ ವೇಯ್ನ್ ಬಲಗೈಯನ್ನು ಜೇಬಿಗಿಳಿಸಿದ. ಹಿಂದೆ ಕೂತ ರೋಂಡಾಳ ಹುಟ್ಟು ಒಂದು ಸಲ ತಪ್ಪಿ ಮತ್ತೆ ಸರಿಹೋಯಿತು.

ಬಂಡೆಯಡಿ ಯಾರೋ ಪುಣ್ಯಾತ್ಮರು ಚೆಂದದ ಒಂದು ಹೊರೆ ಒಣ ಸೌದೆ ಇಟ್ಟಿದ್ದರು, ಮೇಲೆ ತೊಗಟೆಯ ಸುರುಳಿ. ನಾನು ಹಿಗ್ಗಿ ಕೈ ಚಾಚಿದೆ.

"ಮುಟ್ಟಬೇಡ," ಎಂದಳು ರೋಂಡಾ.

ಕೊಡಲಿ ಹಿಡಿದು ಮಳೆಯಲ್ಲೇ ಹೋಗಿ, ನಿಂತಲ್ಲೇ ಸತ್ತು ಒಣಗಿದ ಸ್ಪ್ರೂಸ್ ಮರದ ತುಂಡೊಂದನ್ನು ತಂದಳು. ಮೇಲೆಲ್ಲ ನೀರು. ಸೀಳಿದಳು. ಸೀಳನ್ನು ಮತ್ತೆ ಸೀಳಿದಳು. ಮರದ ನಡು ಬೆಳ್ಳಗೆ ಒಣಗಿತ್ತು. ಆ ಬಿಳಿಯನ್ನು ಚಾಕುವಿನಿಂದ ತೆಳ್ಳಗೆ ಹೆರೆಯುತ್ತ, ಹೆರೆದ ಸುರುಳಿಗಳು ಕಡ್ಡಿಯಿಂದ ಕಳಚದಂತೆ ನಿಲ್ಲಿಸುತ್ತ, ಬೆನ್ನನ್ನೇ ಮಳೆಗೆ ಸೂರು ಮಾಡಿ ಕೂತಳು. ಹಿತ್ತಿಲಲ್ಲಿ ಕೊನೆಕೊನೆಗೆ ಒಂದೇ ಬೆಂಕಿಕಡ್ಡಿಯಲ್ಲಿ ಹೊತ್ತಿಸುತ್ತಿದ್ದಳು. ಇಲ್ಲಿ ಮೊದಲನೆಯದು ಗಾಳಿಗೆ ಹೋಯಿತು. ಎರಡನೆಯದು ಹಿಡಿದು, ಹೊಗೆಯಾಗಿ, ಸತ್ತಿತು. ಅವಳು ಇನ್ನೊಂದು ಕಡ್ಡಿ ತೆಗೆದಳು. ನಾನು ನನ್ನ ಡಬ್ಬಿ ತೆಗೆದು ಮುಂದೆ ಬಂದೆ.

"ಅದನ್ನ ಒಳಗಿಡು," ಎಂದ ವೇಯ್ನ್. ಅವನಿಗೆ ಏನೂ ಗೊತ್ತಿರಲಿಲ್ಲ. ಆದರೂ ತಂಗಿಯ ಕೈಯಿಂದ ಕಣ್ಣು ಕದಲಿಸಲಿಲ್ಲ.

ಮೂರನೆಯ ಕಡ್ಡಿಗೆ ಸುರುಳಿ ಹಿಡಿಯಿತು. ಸುರುಳಿಯಿಂದ ಚಕ್ಕೆಗೆ, ಚಕ್ಕೆಯಿಂದ ಸೀಳಿಗೆ ಉರಿ ಏರಿತು. ಅವಳು ನೀರು ಕುದಿಸಿ ಕಾಫಿಪುಡಿ ಹಾಕಿ, ಮೊದಲ ಲೋಟ ಅಣ್ಣನಿಗೆ ಕೊಟ್ಟಳು. ಅವನು ಒಂದು ಗುಟುಕು ಕುಡಿಯುವವರೆಗೆ ಕಾದಳು.

"ಆವತ್ತು ಇಲ್ಲಿ ಸೌದೆ ಇತ್ತು, ವೇಯ್ನ್. ಹೋಗ್ವಾಗ ಮೀನು ಹುರಿಯೋಕೆ ನಾನೇ ಉರಿಸ್ದೆ. ಮತ್ತೆ ಇಡಲಿಲ್ಲ."

ವೇಯ್ನ್ ಬೆಂಕಿಯನ್ನೇ ನೋಡುತ್ತಿದ್ದ.

"ಎಷ್ಟಿತ್ತು?"

"ಇಷ್ಟೇ. ಒಂದು ಹೊರೆ. ತೊಗಟೆನೂ ಇತ್ತು."

"ಯಾಕಿಡ್ಲಿಲ್ಲ?"

"ಕೊಡಲೀನ ಚೀಲಕ್ಕೆ ಕಟ್ಟಿ ಆಗಿತ್ತು. ಗಂಟು ಬಿಚ್ಚೋಕೆ ಬೇಜಾರಾಯ್ತು."

ಇದಕ್ಕಿಂತ ದೊಡ್ಡ ಕಾರಣವೊಂದನ್ನು ಅವಳು ಹೇಳಬಾರದಿತ್ತೇ ಎಂದು ನನಗನ್ನಿಸಿತು. ಕಾಯಿಲೆ, ಭಯ, ಏನಾದರೂ. ಆದರೆ ಇದ್ದದ್ದು ಅಷ್ಟೇ. ವೇಯ್ನ್ ಲೋಟವನ್ನು ಬಂಡೆಯ ಮೇಲಿಟ್ಟು ಎದ್ದು ಮರಗಳ ನಡುವೆ ಹೋದ. ನಾನು ಹಿಂದೆ ಹೋಗಲು ಎದ್ದರೆ ರೋಂಡಾ ಬೇಡವೆಂದು ತಲೆಯಾಡಿಸಿದಳು. ಕೂತೆ. ಅವನ ಕಾಫಿಯ ಮೇಲೆ ಮಳೆ ಬೀಳುತ್ತಿತ್ತು. ಅವಳು ಎರಡು ಸಲ ಉರಿಗೆ ಸೀಳು ಹಾಕಿದಳು. ಆಮೇಲೆ ನಮ್ಮ ಸಾಮಾನಿನ ಮೇಲೆ ಹೊದಿಸಿ ಸೆರಗಿನಂತೆ ಜೋತಿದ್ದ ಟಾರ್ಪಾಲಿನ ಅಂಚನ್ನು ಸುಮ್ಮನೆ ಸರಿಮಾಡಿದಳು, ಮತ್ತೆ ಸರಿಮಾಡಿದಳು.

ಎಷ್ಟೋ ಹೊತ್ತಿನ ಮೇಲೆ ಏನೋ ಎಳೆಯುವ ಸದ್ದು. ವೇಯ್ನ್ ಒಣಗಿದ ಸ್ಪ್ರೂಸ್ ಒಂದನ್ನು ಕಂಕುಳಲ್ಲಿ ಅವುಚಿ ಎಳೆದು ತಂದು ಅವಳ ಮುಂದೆ ಕೆಡವಿದ. ಮುಖ ನೆನೆದಿತ್ತು. ಮಳೆ ಬರುತ್ತಿತ್ತಲ್ಲ, ನಾನು ಬೇರೇನೂ ಹೇಳಲಾರೆ.

"ಸೀಳು," ಎಂದ.

ಅವಳು ತುಂಡು ಮಾಡಿದಳು. ತುಂಡು ನೆಲದಲ್ಲಿ ನಿಲ್ಲದೆ ಹೊರಳುತ್ತಿತ್ತು. ವೇಯ್ನ್ ಮಂಡಿಯೂರಿ, ಜೇಬಿನಿಂದ ಬಲಗೈ ತೆಗೆದು, ಉಳಿದ ಮೂರು ಬೆರಳಿನಲ್ಲಿ ತುಂಡಿನ ಬುಡ ಹಿಡಿದ. ರೋಂಡಾ ಆ ಕೈಯನ್ನು ನೋಡಿದಳು.

"ಕೈ ತೆಗಿ."

"ಹೊಡಿ ನೀನು."

ಅವಳು ಕೊಡಲಿ ಎತ್ತಿದಳು. ನಾನು ಕೆರೆಯ ಕಡೆ ತಿರುಗಿದೆ. ಸೀಳಿದ ಸದ್ದು ಕೇಳಿತು. ಮತ್ತೊಂದು. ಆಮೇಲೆ ಒಂದೇ ಲಯದಲ್ಲಿ ಬಹಳ ಹೊತ್ತು.

ನಾವು ಹೊರಡುವಾಗ ಬಂಡೆಯಡಿ ಹಳೆಯ ಹೊರೆಯ ಪಕ್ಕ ಅದರ ಎರಡರಷ್ಟು ಹೊಸ ಹೊರೆ ಇತ್ತು. ದೋಣಿಯಲ್ಲಿ ಕೂತ ವೇಯ್ನ್ ತಣ್ಣಗಾದ ಕಾಫಿಯನ್ನು, ಅರ್ಧ ಮಳೆನೀರು, ಕುಡಿದು ಮುಗಿಸುತ್ತಿದ್ದ. ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ, ಅವಳೂ ಕೇಳಲಿಲ್ಲ. ಮೌನ ನನಗೆ ಒಗ್ಗದು. ಇಂಥ ದೊಡ್ಡ ಕೆಲಸ ಅನಾಮಧೇಯವಾಗಿ ಉಳಿಯಬಾರದೆಂದೂ ಅನಿಸಿತ್ತು. ನನ್ನ ಚೀಲದಲ್ಲಿ ಅಂಟಿಸುವ ಕಾಗದದ ಪಟ್ಟಿಯೂ ಪೆನ್ನೂ ಇದ್ದವು. ಹಾಟ್‌ಡಿಶ್ ಪಾತ್ರೆಗೆ ಅಂಟಿಸುವ ಹಾಗೆ ಈ ಸೌದೆಗೂ ನಮ್ಮ ಮೂವರ ಹೆಸರು ಬರೆದು ಅಂಟಿಸೋಣವೇ ಎಂದು ರೋಂಡಾಳನ್ನು ಕೇಳಿದೆ.

ಅವಳು ಕೊಡಲಿಯನ್ನು ಒರೆಸುತ್ತಿದ್ದಳು. ಇನ್ನೂ ಕಟ್ಟಿರಲಿಲ್ಲ.

"ಅಂಟಿಸು," ಎಂದಳು. "ಕಾಗದ ಬೇಗ ಹೊತ್ತತ್ತೆ."